ಪಕ್ಕದ ಮೇಜಿನ ಕಂಪ್ಯೂಟರಿಗೆ ನಾನು ಮಾಡಿದ್ದು

ನನ್ನ ಓದು ಹೈಸ್ಕೂಲಿಗೆ ಮುಗಿಯಿತು. ಮಾನ್ವಿಯ ತಹಶೀಲ್ದಾರ ಕಚೇರಿಯ ಎದುರು ತಗಡಿನ ಚಪ್ಪರದಡಿ ಕೂತು, ಮೊದಲು ಟೈಪ್‌ರೈಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಜನರ ಅರ್ಜಿ ಬರೆದುಕೊಟ್ಟು ಬದುಕಿದ್ದೇನೆ. ಪಕ್ಕದ ಮೇಜಿನವರು ನನ್ನದೇ ವಯಸ್ಸಿನವರು. ದಿನಾ ದೇವದುರ್ಗದಿಂದ ಬಸ್ಸಿಗೆ ಬರುತ್ತಾರೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ.

ನಮ್ಮಿಬ್ಬರ ಕಂಪ್ಯೂಟರುಗಳೂ ರಾಯಚೂರಿನ ಒಂದೇ ಅಂಗಡಿಯಿಂದ ಒಂದೇ ದಿನ ತಂದ ಹಳೆಯವು. ಎರಡರಲ್ಲೂ ವಿಂಡೋಸ್ ಬದಲು ಲಿನಕ್ಸ್ ಇತ್ತು. ನಾನು ಅದರಲ್ಲಿ ಟೈಪ್ ಮಾಡುವುದನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಚಾಚಾ ಕಲಿತರು. ಲಕ್ವಾ ಹೊಡೆದು ಅವರ ಬಲಗೈಯ ಮೂರು ಬೆರಳು ಸೆಟೆದಿದ್ದವು, ಹಾಗಾಗಿ ಕಲಿಯಲೇಬೇಕಿತ್ತು. ಪರದೆಗೆ ಎಕ್ಸ್‌ಟೆನ್ಶನ್ ಎಂಬ ಒಂದು ಸೇರ್ಪಡೆ ಜೋಡಿಸಿಕೊಂಡರು. ಮೇಲಿನ ಪಟ್ಟಿಯಲ್ಲಿ ಒಂದು ಗುರುತು ಬರುತ್ತಿತ್ತು. ಅದನ್ನು ಒತ್ತಿದರೆ 'ಮಾನ್ಯರೇ'ಯಿಂದ 'ತಮ್ಮ ವಿಶ್ವಾಸಿ'ವರೆಗಿನ ಸಿದ್ಧ ಸಾಲುಗಳು ತೆರೆದುಕೊಳ್ಳುತ್ತಿದ್ದವು. ಬೇಕಾದ ಸಾಲು ಒತ್ತಿದರೆ ಕಾಗದದ ಮೇಲೆ ಬಂದು ಕೂರುತ್ತಿತ್ತು.

ಮಲ್ಲಟದವರು, ಕುರ್ಡಿಯವರು ಬಸ್ಸಿಳಿದು ನನ್ನ ಮೇಜು ದಾಟಿ ಅವರ ಮುಂದೆ ನಿಲ್ಲುತ್ತಿದ್ದರು. ಒಮ್ಮೆ ನಾನೇ ಒಬ್ಬಳನ್ನು ಕರೆದೆ.

"ಇಲ್ಲಿ ಬಾರವ್ವಾ, ನಾ ಖಾಲಿನೇ ಅದೀನಿ."

"ಇರಲಿ ಬಿಡೋ ಯಪ್ಪಾ, ಚಾಚಾನ ಕಡಿನೇ ಬರಸ್ತೀನಿ. ನೀ ಬರಿಯೂದ್ರಾಗ ನಮ್ಮೂರ ಬಸ್ಸು ಹೋಗತದ."

ನನ್ನ ಹತ್ತೂ ಬೆರಳು ಗಟ್ಟಿಯಾಗಿದ್ದವು. ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ನಮ್ಮಲ್ಲಿ ಒಂದು ರೂಢಿಯಿತ್ತು. ಶುಕ್ರವಾರ ಅವರು ನಮಾಜಿಗೆ ಹೋದಾಗ ಅವರ ಮೇಜು ನನ್ನ ಸುಪರ್ದಿ, ಸೋಮವಾರ ನಾನು ಗುಡಿಗೆ ಹೋದಾಗ ನನ್ನದು ಅವರ ಸುಪರ್ದಿ. ಒಂದು ಶುಕ್ರವಾರ ತೆರೆದೇ ಇದ್ದ ಅವರ ಕಂಪ್ಯೂಟರಿನ ಮುಂದೆ ಕೂತೆ. ಒಂದೊಂದೇ ಒತ್ತಿ ಹುಡುಕಿ ಎಕ್ಸ್‌ಟೆನ್ಶನ್‌ಗಳ ಕಿಟಕಿ ತೆರೆದೆ. ಎಲ್ಲಕ್ಕೂ ಮೇಲೆ, ಎಲ್ಲ ಸೇರ್ಪಡೆಗಳನ್ನೂ ಒಟ್ಟಿಗೆ ನಿಲ್ಲಿಸುವ ಒಂದು ದೊಡ್ಡ ಸ್ವಿಚ್ಚು ಇತ್ತು. ಅದನ್ನು ಬಂದ್ ಮಾಡಿದೆ. ಗುರುತು ಮಾಯವಾಯಿತು. ಕಿಟಕಿ ಮುಚ್ಚಿ ನನ್ನ ಜಾಗಕ್ಕೆ ಬಂದು ಕೂತೆ.

ಅದೇ ವಾರ ಅವರು ಲಿನಕ್ಸಿನ ಹೊಸ ಆವೃತ್ತಿ ಹಾಕಿಕೊಂಡಿದ್ದರು. ಅನುಮಾನವೆಲ್ಲ ಅದರ ಮೇಲೆ ಹೋಯಿತು.

"ಹೊಸಾದು ಬಂದು ಹಳೇದನ್ನ ನುಂಗ್ತು ನೋಡ್ರಿ ಅಣ್ಣಾ," ಎಂದರು.

"ನುಂಗಿರಬೇಕ್ರಿ," ಎಂದೆ.

ಅವರು ಯಾವ ಕೆಲಸಕ್ಕೂ ಆ ಕಿಟಕಿ ತೆರೆದವರಲ್ಲ. ಅಂಗಡಿಯವರು ಹೇಳಿದ ಆಜ್ಞೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಕಪ್ಪು ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಚಾಲೂ ಮಾಡುವ ಆಜ್ಞೆ ಕೊಟ್ಟರು. ಲಿನಕ್ಸ್ ಸುಮ್ಮನಿತ್ತು, ತಪ್ಪು ಎಂದೂ ಹೇಳಲಿಲ್ಲ. ಲಾಗೌಟ್ ಆಗಿ ಮತ್ತೆ ಬಂದರು. ಸೇರ್ಪಡೆಯನ್ನು ತೆಗೆದು ಮತ್ತೆ ಹಾಕಿದರು. ಹೊಸ ಆವೃತ್ತಿಗೆ ಅದು ಹೊಂದುತ್ತದೆಯೋ ಇಲ್ಲವೋ ಎಂದು ಅಂಗಡಿಗೆ ಫೋನ್ ಹಚ್ಚಿ ಕೇಳಿದರು. ಹೊಂದುತ್ತದೆ ಎಂದರಂತೆ. ಗುರುತು ಮಾತ್ರ ಬರಲಿಲ್ಲ.

ಒಂದು ಅರ್ಜಿಗೆ ಮುಕ್ಕಾಲು ತಾಸು ಹಿಡಿಯತೊಡಗಿತು. ಬಂದವರನ್ನು ಅವರೇ ನನ್ನ ಕಡೆ ಕಳಿಸುತ್ತಿದ್ದರು. ಕೆಲವರು ಬಂದರು. ಹೆಚ್ಚಿನವರು "ತಡಾ ಆದ್ರೂ ಆಗ್ಲಿ ಚಾಚಾ, ಕುಂದರ್ತೀವಿ" ಎಂದು ಅಲ್ಲೇ ನೆಲದ ಮೇಲೆ ಕೂತರು. ಚಾಚಾರ ಕೈ ಕಟ್ಟಿಹಾಕಿದರೂ ಹೊಟ್ಟೆಕಿಚ್ಚು ಆರಲಿಲ್ಲ, ಇನ್ನಷ್ಟು ಉರಿಯಿತು.

ಹತ್ತನೆಯ ದಿನ ಚಾಚಾ ಮೆತ್ತಗೆ ಹೇಳಿದರು: "ಈ ತಿಂಗಳು ಮುಗಿಸಿ ಮೇಜು ಖಾಲಿ ಮಾಡ್ತೀನ್ರಿ ಅಣ್ಣಾ. ಜನಾನ್ನ ಕಾಯಸೂದು ಪಾಪ."

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೆ ಹಿಗ್ಗಾಯಿತು.

ಮರುದಿನ ಅವರು ಪೆನ್‌ಡ್ರೈವ್ ಹಿಡಿದು ನನ್ನ ಕುರ್ಚಿಯ ಪಕ್ಕ ಬಂದರು. "ನನ್ನ ಸಾಲೆಲ್ಲಾ ಇದ್ರಾಗ ಅದಾವ. ನಿಮಗ ಹಾಕಿ ಕೊಟ್ಟು ಹೋಗ್ತೀನಿ. ಮಂದಿಗೆ ಅನುಕೂಲ ಆಗ್ತದ." ಕುರ್ಚಿ ಸರಿಸಿ ಅವರಿಗೆ ಜಾಗ ಮಾಡಿದೆ. ಮೊದಲು ನನ್ನ ಕಂಪ್ಯೂಟರಿಗೂ ಅದೇ ಹೊಸ ಆವೃತ್ತಿ ಹಾಕಿದರು. ಆಮೇಲೆ ಅದೇ ನೋಟ್‌ಬುಕ್ಕು, ಅವೇ ಆಜ್ಞೆಗಳು. ಲಾಗೌಟ್ ಆಗಿ ಬಂದರೆ ಗುರುತು ಮೇಲೆ ಕೂತಿತ್ತು.

"ಅರೆ! ನಿಮ್ಮದ್ರಾಗ ಬಂತಲ್ರೀ!" ಮಗುವಿನಂತೆ ನಕ್ಕರು. "ಹಂಗಾದ್ರ ಆವೃತ್ತಿದಲ್ಲ ತಪ್ಪು. ನಂದೇ ಎಲ್ಲೋ ಎಡವಟ್ಟಾಗ್ಯದ. ನನ್ನ ತಲೀನೇ ಕೆಟ್ಟದ ನೋಡ್ರಿ."

ಅವರು ತಮ್ಮ ತಲೆಗೆ ತಾವೇ ಬಡಿದುಕೊಂಡಾಗ ನನ್ನಿಂದ ತಡೆಯಲಾಗಲಿಲ್ಲ. ಎದ್ದು ಅವರ ಮೇಜಿಗೆ ಹೋಗಿ ಎಕ್ಸ್‌ಟೆನ್ಶನ್‌ಗಳ ಕಿಟಕಿ ತೆರೆದೆ. ಪಟ್ಟಿಯೆಲ್ಲ ಮಸುಕಾಗಿತ್ತು. ದೊಡ್ಡ ಸ್ವಿಚ್ಚನ್ನು ಒತ್ತಿದೆ. ಗುರುತು ಬಂತು.

"ಇದು ನಿಮಗ ಹ್ಯಾಂಗ ಗೊತ್ತಾತು?"

"ನಾನೇ ಬಂದ್ ಮಾಡಿದ್ದು. ಹೋದ ಶುಕ್ರವಾರದ ಹಿಂದಿನ ಶುಕ್ರವಾರ, ನೀವು ನಮಾಜಿಗೆ ಹೋದಾಗ."

ಬೈಯುತ್ತಾರೆಂದು ಕಾದು ನಿಂತೆ. ಅವರು ಪರದೆಯನ್ನೇ ನೋಡುತ್ತಿದ್ದರು.

"ಗುಂಜಹಳ್ಳಿ ಮುದುಕಿ ಎರಡು ಸಲ ಬಂದು ಹೋದ್ಲು," ಎಂದರು. "ನಮ್ಮ ಕಡಿ ಮಗಳ ಮನಿಗೆ ಬಂದಾಕಿ. ಪಿಂಚಣಿ ಅರ್ಜಿ. ನಾ ಆಗೂದಿಲ್ಲವ್ವಾ ಅಂದು ಕಳಿಸಿಬಿಟ್ಟೆ. ಊರಿಗೆ ಹೊಂಟೀನಿ ಅಂದಿದ್ಲು."

ಮೊದಲೇ ಬರೆದಿಟ್ಟುಕೊಂಡಿದ್ದ ಆಕೆಯ ವಿವರ ನೋಡಿ, ಕೂತು ಐದು ನಿಮಿಷದಲ್ಲಿ ಅರ್ಜಿ ಬರೆದರು. ಮುದ್ರಿಸಿ, ಮಡಚಿ, ನನ್ನ ಕೈಗಿಟ್ಟರು.

"ಹೋಗಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬರ್ರಿ."

ಅರ್ಜಿಯನ್ನೂ ಮಸಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ. ರಾಯಚೂರಿನ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಗುಂಜಹಳ್ಳಿಗೆ ಹೋಗಿ, ಮನೆ ಕೇಳಿಕೊಂಡು ಹೋಗಿ ಅರ್ಜಿ ಕೊಟ್ಟೆ. ಮುದುಕಿಗೆ ಓದು ಬರದು. ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿ ಕೇಳಿದಳು:

"ಇದು ಚಾಚಾ ಬರ್ದದ್ದೋ, ನೀ ಬರ್ದದ್ದೋ?"

"ಚಾಚಾ ಬರ್ದದ್ದವ್ವಾ."

"ಹಂಗಾದ್ರ ಒತ್ತತೀನಿ ತಾ," ಎಂದು ಹೆಬ್ಬೆಟ್ಟು ಮುಂದೆ ಚಾಚಿದಳು.

ಮಸಿಯ ಡಬ್ಬಿ ಹಿಡಿದು ಆಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಗಲೂ ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತ್ತು. ಆದರೂ ಆಕೆಯ ಬೆರಳು ಹಿಡಿದು ಸರಿಯಾಗಿ ಒತ್ತಿಸಿದೆ.