ಕುರ್ಚಿ ಇಲ್ಲದವಳು ಕೊಂಡ ಆಟದ ಪುಸ್ತಕ

ಮೆಣಸಿನಕಾಯಿಯ ಖಾರ ಬೆರಳಿಗೆ ಹತ್ತಿದ್ದಕ್ಕಾಗಿ ಶಿಕ್ಷೆ ಅನುಭವಿಸಿದವಳು ಅದರ ತೊಟ್ಟು ಬಿಡಿಸಿದ ಹೆಣ್ಣುಮಗಳು. ಅದನ್ನು ಮಾರಿ ಮಹಡಿ ಮನೆ ಕಟ್ಟಿದವರಲ್ಲ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವಳಾಗಿ ಈ ಮಾತನ್ನು ನಾನು ಎಂದೋ ಬರೆಯಬೇಕಿತ್ತು. ಬರೆಯಲಿಲ್ಲ. ಹೋದ ತಿಂಗಳು ಒಂದು ಪುಸ್ತಕ ನನ್ನ ಕೈಸೇರುವವರೆಗೆ ಬರೆಯುವ ಧೈರ್ಯ ಬರಲಿಲ್ಲ ಎಂಬುದೂ ನಿಜ.

ಮೋಟೆಬೆನ್ನೂರಿನಿಂದ ಒಬ್ಬರು ಹಾವೇರಿಯ ನನ್ನ ಮನೆಗೆ ಬಂದು ಬಟ್ಟೆಯ ಚೀಲವೊಂದನ್ನು ಕೊಟ್ಟರು. ಬ್ಯಾಡಗಿಯ ಓಣಿಯಲ್ಲಿ ನಮ್ಮ ಮಗ್ಗಲಮನೆಯಲ್ಲಿದ್ದ ಚಿಗವ್ವನ ತಮ್ಮ ಅವರು. “ಅಕ್ಕ ಹೋಗೂಮುಂದ ಇದನ್ನ ನಿಮಗ ಮುಟ್ಟಸಂತ ಹೇಳಿದ್ಲರಿ” ಎಂದರು. ಚಿಗವ್ವ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹಾಗೆ, ಹೊಸ್ತಿಲ ಮೇಲೆ ನಿಂತು. ಚೀಲದೊಳಗಿನ ದಪ್ಪ ಪುಸ್ತಕವನ್ನು ತೆರೆದೆ. ನುಣುಪಾದ ಹಾಳೆಗಳ ನಡುವಿನಿಂದ ಹಳೆಯ ಘಾಟು ಎದ್ದಿತು. ಮೂರು ಸಲ ಸೀನಿದೆ. ಹಾಳೆಗಳ ಅಂಚಿನಲ್ಲೆಲ್ಲ ಒಣಗಿದ ಕೆಂಪು... ಕಣ್ಣಲ್ಲಿ ನೀರು ಬಂದದ್ದು ಘಾಟಿಗೋ ಬೇರೆ ಕಾರಣಕ್ಕೋ ತಿಳಿಯದು.

ಅದು ಕಂಪ್ಯೂಟರಿನಲ್ಲಿ ಆಡುವ ಒಂದು ಆಟವನ್ನು ಹೇಗೆ ಗೆಲ್ಲಬೇಕೆಂದು ಹೇಳಿಕೊಡುವ ಪುಸ್ತಕ. ಇಂಗ್ಲಿಷಿನದು. ಪುಟಪುಟಕ್ಕೂ ಬಣ್ಣದ ನಕ್ಷೆಗಳು. ನದಿಯ ದಂಡೆಯಲ್ಲಿ ಒಂದು ಊರು ಕಟ್ಟಬೇಕು, ಬಾವಿ ತೋಡಬೇಕು, ಕಾಲುವೆ ತರಬೇಕು, ಕಣಜ ತುಂಬಿಸಬೇಕು, ಕೊನೆಯ ಹಂತದಲ್ಲಿ ಬರುವ ಮಹಾಪೂರದಿಂದ ಊರನ್ನು ಉಳಿಸಬೇಕು. ಇಂಥದೊಂದು ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವುದು ಸಾರ್ಥಕವೇ ಎಂದು ಈಗಿನವರನ್ನು ಕೇಳಿದರೆ ನಗುತ್ತಾರೆ. ಎಲ್ಲವೂ ಫೋನಿನಲ್ಲಿ ಸಿಗುತ್ತದಲ್ಲ. ಆಗಲೂ ನಕ್ಕಿದ್ದರು. ನಕ್ಕವರಲ್ಲಿ ನಾನೂ ಒಬ್ಬಳು.

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಹೊಸರಿತ್ತಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ನಮ್ಮ ಕೋಣೆಯನ್ನು ನಾವೇ ಗುಡಿಸಬೇಕು, ತಟ್ಟೆಯನ್ನು ನಾವೇ ತೊಳೆಯಬೇಕು, ಅನ್ಯಾಯ ಕಂಡರೆ ಎದ್ದುನಿಂತು ಹೇಳಬೇಕು ಎಂದು ಕಲಿಸಿದ ಶಾಲೆ ಅದು. ಬೇಸಗೆ ರಜೆಗೆ ಊರಿಗೆ ಬಂದಾಗ ನಾನು ಓಣಿಯ ತುಂಬ ಆ ಕಲಿಕೆಯನ್ನು ಹಂಚುತ್ತಿದ್ದೆ. ಯಾರೂ ಕೇಳದಿದ್ದರೂ ಹಂಚುತ್ತಿದ್ದೆ.

ಚಿಗವ್ವ ನಮಗೆ ರಕ್ತಸಂಬಂಧಿಯಲ್ಲ. ಓಣಿಯ ಮಕ್ಕಳಿಗೆಲ್ಲ ಆಕೆ ಚಿಗವ್ವ, ಎಂದರೆ ಚಿಕ್ಕಮ್ಮ. ಗಂಡ ಮಾರುಕಟ್ಟೆಯಲ್ಲಿ ಹಮಾಲಿ. ಈಕೆ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ. ಬ್ಯಾಡಗಿ ಕಾಯಿಗೆ ಬಣ್ಣವಿದೆಯೇ ಹೊರತು ಖಾರವಿಲ್ಲ ಎಂದು ಹೊರಗಿನವರು ಮೆಚ್ಚಿ ಮಾತಾಡುತ್ತಾರೆ. ದಿನಕ್ಕಿಷ್ಟು ಚೀಲ ಎಂದು ಬಿಡಿಸಿದ ಬೆರಳುಗಳನ್ನು ಅವರು ಕೇಳಿಲ್ಲ. ಕೆಲಸಕ್ಕೆ ಕೂಡುವ ಮುನ್ನ ಹೆಂಗಸರು ಕೈಗೆ ಕುಸುಬಿ ಎಣ್ಣೆ ಸವರಿಕೊಳ್ಳುತ್ತಿದ್ದರು. ಕೈಗವಸು ಕೊಡಬೇಕೆಂದು ಯಾವ ವರ್ತಕನಿಗೂ ಹೊಳೆದಿರಲಿಲ್ಲ. ಅವರು ಮಕ್ಕಳನ್ನು ಎತ್ತಿಕೊಳ್ಳುವಾಗಲೂ ಅಂಗೈ ತಾಗದಂತೆ ಮೊಣಕೈಯಿಂದ ತಬ್ಬುತ್ತಿದ್ದರು. ಇದನ್ನು ಪದ್ಧತಿ ಎಂದು ಕರೆದು ನಾವೆಲ್ಲ ಸುಮ್ಮನಿದ್ದೆವು.

ಓಣಿಯ ತುದಿಯಲ್ಲಿ ಎಸ್‌ಟಿಡಿ ಬೂತ್ ಇದ್ದ ಕೋಣೆ ಆ ವರ್ಷ ಗೇಮ್ ಅಂಗಡಿಯಾಗಿತ್ತು. ನಾಲ್ಕು ಕಂಪ್ಯೂಟರು, ನಾಲ್ಕು ಕುರ್ಚಿ. ಬೆಳಿಗ್ಗೆ ಅಂಗಡಿ ಗುಡಿಸಿ ಒರೆಸುವ ಕೆಲಸವನ್ನು ಚಿಗವ್ವ ಹಿಡಿದಿದ್ದಳು. ಅಲ್ಲಿ ಆಡಲು ಬರುತ್ತಿದ್ದವರು ಕಾಲೇಜು ಹುಡುಗರು, ದಲಾಲರ ಮನೆಯ ತರುಣರು. ಹೆಣ್ಣುಮಕ್ಕಳು ಬರಬಾರದೆಂದು ಆಗಿನ್ನೂ ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಅಂಗಡಿಯವರು ಬೆಳಿಗ್ಗೆ ಗಿರಾಕಿಗಳು ಬರುವ ಮುನ್ನ ತಾವೇ ಆ ನದಿಯೂರಿನ ಆಟಕ್ಕೆ ಕೂಡುತ್ತಿದ್ದರು. ಕಸಬರಿಗೆ ಹಿಡಿದ ಚಿಗವ್ವ ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಮೋಟೆಬೆನ್ನೂರಿನ ಒಕ್ಕಲು ಮನೆಯ ಮಗಳು ಆಕೆ. ಕಾಲುವೆ, ಬದು, ಇಳಿಜಾರು ಎಂದರೆ ಆಕೆಗೆ ಬಾಲ್ಯ. ಆ ಪರದೆಯಲ್ಲಿ ಆಕೆ ಏನು ಕಂಡಳೋ... ನನಗೆ ಹೇಳಿದ್ದು ಇಷ್ಟೇ: “ಅಲ್ಲಿ ಒಂದು ಊರು ಐತಿ ನೋಡವಾ. ಅದನ್ನ ಕಟ್ಟಾಕ ಬರೂದಿಲ್ಲ ಅವರಿಗೆ. ದಿನಾ ಮುಳುಗಸ್ತಾರ.”

ಒಂದು ದಿನ ನನ್ನನ್ನು ಜೊತೆಗೆ ಕರೆದುಕೊಂಡು ರಾಣೆಬೆನ್ನೂರಿಗೆ ಹೋದಳು. ಬಟ್ಟೆ ಕೊಳ್ಳುವುದಿದೆ ಎಂದಿದ್ದಳು. ಬಟ್ಟೆ ಅಂಗಡಿಯನ್ನು ದಾಟಿ ಹಳೆಯ ಪುಸ್ತಕಗಳನ್ನು ಹರವಿಕೊಂಡು ಕುಳಿತಿದ್ದವನ ಮುಂದೆ ನಿಂತಳು. ಹಿಂದೊಮ್ಮೆ ಬಂದಾಗಲೇ ಮುಖಪುಟದ ಚಿತ್ರ ನೋಡಿ ಗುರುತಿಟ್ಟಿದ್ದಳಂತೆ. ಅದರ ಬೆಲೆ ಆಕೆಯ ಎರಡು ದಿನದ ಕೂಲಿ. ನಾನು ಅಲ್ಲೇ ರಸ್ತೆಯಲ್ಲಿ ಭಾಷಣ ಮಾಡಿದೆ: ಉತ್ತರ ಹೇಳಿಕೊಡುವ ಪುಸ್ತಕ ಬುದ್ಧಿಯನ್ನು ಕೊಲ್ಲುತ್ತದೆ, ಪರೀಕ್ಷೆಯ ಗೈಡುಗಳನ್ನು ನಮ್ಮ ಗುರುಗಳು ಮುಟ್ಟಗೊಡುವುದಿಲ್ಲ, ಆಟವನ್ನು ಆಡಿಯೇ ಕಲಿಯಬೇಕು, ಇದು ಶುದ್ಧ ದುಂದು.

ಚಿಗವ್ವ ಸೆರಗಿನ ತುದಿಯಿಂದ ಪುಸ್ತಕವನ್ನು ಎತ್ತಿ ಚೀಲಕ್ಕೆ ಹಾಕಿದಳು.

“ಆಡ್ತಾ ಆಡ್ತಾ ಕಲಿಯಾಕ ಅವರಿಗೆ ಕುರ್ಚಿ ಐತಿ, ತಂಗಿ. ನೂರು ಸಲ ಸೋತರೂ ಮತ್ತ ಕುಂದರ್ತಾರ. ನನಗ ಒಂದ ಸಲ ಸಿಕ್ಕರ ಸಿಗತೈತಿ. ಸೋಲಾಕ ನನ್ನ ಕಡೆ ಪುರಸೊತ್ತಿಲ್ಲ.”

ಅಷ್ಟು ವರ್ಷ ಓದಿದ ನನಗೆ ಹೊಳೆಯದ ಮಾತನ್ನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ಹೇಳಿದ್ದಳು. ಸೋಲುವ ಅವಕಾಶವೇ ಒಂದು ಸೊತ್ತು. ಅದು ಇದ್ದವರು ಪುಸ್ತಕವನ್ನು ಹಂಗಿಸಬಹುದು.

ಆಮೇಲಿನ ಮೂರು ವಾರ ನನ್ನ ಜೀವನದ ಒಳ್ಳೆಯ ಓದಿನ ದಿನಗಳು. ಮಧ್ಯಾಹ್ನ ಗೋದಾಮಿಗೆ ಹೋಗಿ ಚೀಲದ ಮೇಲೆ ಕೂಡುತ್ತಿದ್ದೆ. ಹೆಂಗಸರು ಸುತ್ತಲೂ ರಾಶಿಯ ಮುಂದೆ. ನಾನು ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಹೇಳಬೇಕು, ಪುಟ ತಿರುವಬೇಕು, ನಕ್ಷೆಯನ್ನು ಎತ್ತಿ ತೋರಿಸಬೇಕು. ಚಿಗವ್ವ ಮಾತ್ರ ಕೆಲವೊಮ್ಮೆ ತಡೆಯಲಾರದೆ ಬೆರಳಿಟ್ಟುಬಿಡುತ್ತಿದ್ದಳು. ಆ ಕೆಂಪು ಅಂಚುಗಳು ಅವೇ. ಪುಸ್ತಕ ಊರಬಾಗಿಲಿಗೆ ಸಂತೆ ಹಚ್ಚಲು ಹೇಳಿದಾಗ ದೊಡ್ಡ ಜಗಳವೇ ಆಯಿತು.

“ಬಾಗಲದಾಗ ಸಂತಿ ಹಚ್ಚಿದ್ರ ಚಕ್ಕಡಿ ಎಲ್ಲಿ ಹಾಯಬೇಕ ಬೇ?” ಎಂದು ಒಬ್ಬ ಮುದುಕಿ ಕೇಳಿದಳು.

“ಬರದಾಂವಗ ಚಕ್ಕಡಿ ಗೊತ್ತಿಲ್ಲಬೇ ಯವ್ವಾ. ಅಂವ ಕಾರಿನಾಗ ಅಡ್ಡಾಡಾಂವ” ಎಂದಳು ಚಿಗವ್ವ. ಗೋದಾಮು ನಕ್ಕಿತು.

ಕೊನೆಯ ಹಂತದ ನಕ್ಷೆಯನ್ನು ಆಕೆ ನನ್ನಿಂದ ಎಷ್ಟು ಸಲ ಹಿಡಿಸಿದಳೋ ಲೆಕ್ಕವಿಲ್ಲ. ಪೂರ ಬಂದಾಗ ಕೋಟೆಯ ಗೋಡೆಯನ್ನು ಎತ್ತರಿಸಿರಿ ಎಂದು ಪುಸ್ತಕ ಹೇಳುತ್ತಿತ್ತು. ಅಂಗಡಿಯವರೂ ಅದನ್ನೇ ಮಾಡಿ ಮುಳುಗುತ್ತಿದ್ದರು. ಚಿಗವ್ವ ನಕ್ಷೆಯಲ್ಲಿ ಇಳಿಜಾರನ್ನು ಓದಿದಳು. “ಬಲಕ ತೆಗ್ಗಿನ ಹೊಲ ಅದಾವ ನೋಡು. ಬದು ಒಡದು ನೀರು ಅಲ್ಲಿಗೆ ಬಿಟ್ರ, ಹೊಲ ಮುಳುಗತಾವ, ಊರು ಉಳಿತೈತಿ. ಕಣಜ ಮೊದಲ ದಿಬ್ಬಕ್ಕ ಸಾಗಿಸಬೇಕು. ಬರಿ ಅಲ್ಲಿ.” ನಾನು ಆ ಪುಟದ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದೆ. ಉತ್ತರ ಹೇಳಿಕೊಡುವ ಪುಸ್ತಕ ಬುದ್ಧಿಯನ್ನು ಕೊಲ್ಲುತ್ತದೆ ಎಂದ ನನ್ನ ಕೈಯಿಂದಲೇ ಆ ಪುಸ್ತಕಕ್ಕೆ ತಿದ್ದುಪಡಿ ಬಿತ್ತು.

ಪುಸ್ತಕದ ವಿಷಯ ಅಂಗಡಿಯವರ ಕಿವಿಗೆ ಬಿತ್ತು. ಎರಡು ದಿನ ನೋಡಿ ಕೊಡುತ್ತೇನೆ ಎಂದರು.

“ಕೊಡ್ತೇನ್ರಿ. ನಿಮ್ಮ ಕುರ್ಚಿ ಒಂದ್ ತಾಸು ಕೊಡ್ರಿ.”

“ನೀ ಆಡ್ತೀ?” ಅವರು ನಕ್ಕರು. “ಬಾ ನಮ್ಮವ್ವಾ, ಆಡು. ಊರ ಮುಳುಗಿಸೂದು ಯಾರ ಕೈಲಾದ್ರೂ ಆಗತೈತಿ.”

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋದೆವು. ಚಿಗವ್ವ ಎಣ್ಣೆ ಹಚ್ಚಿ, ಸಾಬೂನಿನಿಂದ ಎರಡು ಸಲ ಕೈತೊಳೆದು, ಸೆರಗಿಗೆ ಒರೆಸಿಕೊಂಡು, ಬೆರಳನ್ನು ಮೂಸಿ ನೋಡಿಕೊಂಡಿದ್ದಳು. ಕುರ್ಚಿಯ ತುದಿಯಲ್ಲಿ ಕುಳಿತಳು. ಮೌಸನ್ನು ಹಿಡಿಯುವುದನ್ನು ನಾನು ತೋರಿಸಿದೆ. ಮೊದಲ ಕೆಲವು ನಿಮಿಷ ಬಾಣ ಎಲ್ಲೆಲ್ಲೋ ಓಡಿತು. ಆಮೇಲೆ ಓಡಲಿಲ್ಲ. ಕೊನೆಯ ಹಂತವನ್ನೇ ಅಂಗಡಿಯವರು ತೆರೆದುಕೊಟ್ಟಿದ್ದರು. ಆಕೆ ಕಣಜವನ್ನು ದಿಬ್ಬಕ್ಕೆ ಸಾಗಿಸಿದಳು, ಬದುವನ್ನು ಒಡೆಸಿದಳು, ಗೋಡೆಯ ಗೋಜಿಗೇ ಹೋಗಲಿಲ್ಲ. ಪರದೆಯ ತುಂಬ ಕಂದು ನೀರು ಏರಿತು... ತೆಗ್ಗಿನ ಹೊಲಗಳು ಮುಳುಗಿದವು... ನೀರು ಊರಬಾಗಿಲವರೆಗೆ ಬಂದು ನಿಂತು, ನಿಧಾನವಾಗಿ ಇಳಿಯಿತು. ಊರಿನ ಪುಟ್ಟ ಪುಟ್ಟ ಜನ ಮನೆಗಳಿಂದ ಹೊರಗೆ ಬಂದರು. ಚಿಗವ್ವ ಉಸಿರು ಬಿಟ್ಟು, “ಎಲ್ಲಾರೂ ಅದಾರ” ಎಂದಳು.

“ಖರೇನ ಗೆದ್ಯಾ?” ಅಂಗಡಿಯವರು ಆಕೆಯನ್ನು ಎಬ್ಬಿಸಿ ತಾವು ಕುಳಿತರು. ಮೌಸ್ ಹಿಡಿದು ಆ ಕಡೆ ಈ ಕಡೆ ಓಡಿಸಿ, ಮುಳುಗಿದ ಹೊಲಗಳನ್ನು ದಿಟ್ಟಿಸಿ ನೋಡಿ, ನಂಬಲಾಗದೆ ಕಣ್ಣುಜ್ಜಿಕೊಂಡರು.

ಆಮೇಲಿನ ಕೂಗು ಓಣಿಗೆಲ್ಲ ಕೇಳಿತು.

ಚಿಗವ್ವನ ತಪ್ಪು ಇಷ್ಟೇ. ಬ್ಯಾಡಗಿ ಕಾಯಿಗೆ ಸಾಲುವಷ್ಟು ಕೈತೊಳೆದಿದ್ದಳು. ಆ ವಾರ ಗೋದಾಮಿಗೆ ಬಂದದ್ದು ಅದಕ್ಕಿಂತ ಎಷ್ಟೋ ಖಾರವಾದ ಗುಂಟೂರಿನ ಕಾಯಿ; ಅದರ ಖಾರ ಆಕೆಯ ಬೆರಳಿನಿಂದ ಮೌಸಿಗೆ, ಮೌಸಿನಿಂದ ಅಂಗಡಿಯವರ ಕಣ್ಣಿಗೆ ಹತ್ತಿತ್ತು. ಮೂಸಿ ನೋಡಿದ ಮೂಗೂ ಅದೇ ಗೋದಾಮಿನದು; ಘಾಟಿಗೆ ಪಳಗಿದ ಅದಕ್ಕೆ ಖಾರದ ಹೆಚ್ಚು ಕಡಿಮೆ ತಿಳಿಯುವಂತಿರಲಿಲ್ಲ.

“ನೀರು ಹಚಗೋಬ್ಯಾಡ್ರಿ! ಲಗೂ ಹಾಲು ತರ್ರಿ ಯಾರರೆ!” ಎಂದು ಕೂಗಿದವಳೂ ಆಕೆಯೇ. ಕೂಗು ಕೇಳಿ ಬಾಗಿಲಿಗೆ ಓಡಿಬಂದವರಲ್ಲಿ ಯಾರೂ ಕದಲದಿದ್ದಾಗ ತಾನೇ ಮಗ್ಗಲಿನ ಚಹಾದಂಗಡಿಗೆ ಓಡಿ ತಣ್ಣನೆಯ ಹಾಲು ತಂದಳು. ತನ್ನ ಕೈ ತಾಗಬಾರದೆಂದು ಲೋಟವನ್ನು ನನಗೆ ಕೊಟ್ಟು, ಹೇಗೆ ಹನಿಸಬೇಕೆಂದು ಹೇಳಿಕೊಟ್ಟಳು. ಉರಿ ಇಳಿಯಿತು. ಕಣ್ಣು ತೆರೆಯಲು ಬಂದ ಮೇಲೆ ಅಂಗಡಿಯವರು ಮೊದಲು ಆಡಿದ ಮಾತು: “ಹೊರಗ ನಡಿ. ಇನ್ನ ಈ ಹೊಸ್ತಲ ತುಳದಿ ಅಂದ್ರ ನೋಡು.” ಬಾಗಿಲಲ್ಲಿ ನೆರೆದಿದ್ದ ತರುಣರು ನಕ್ಕರು. ಕಂಪ್ಯೂಟರಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಲಾಯಿತು. ಪೂರದಿಂದ ಉಳಿದಿದ್ದ ಊರು ಕತ್ತಲಾಯಿತು.

ಅನ್ಯಾಯ ಕಂಡರೆ ಎದ್ದುನಿಂತು ಹೇಳಬೇಕು ಎಂದು ಕಲಿತಿದ್ದ ನಾನು, ಕೈಯಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದೆ. ಹೇಳಲಿಲ್ಲ. ಆಕೆ ಗೆದ್ದಳು ಎಂದಾದರೂ ಹೇಳಬಹುದಿತ್ತು. ಅಲ್ಲಿದ್ದವರಲ್ಲಿ ಆಕೆಯನ್ನು ಬಿಟ್ಟರೆ ಅದನ್ನು ಕಣ್ಣಾರೆ ಕಂಡವರು ಇಬ್ಬರೇ. ಒಬ್ಬರ ಕಣ್ಣು ಉರಿಯುತ್ತಿತ್ತು, ಇನ್ನೊಬ್ಬಳ ಬಾಯಿ ಕಟ್ಟಿತ್ತು.

ಮರುದಿನ ಅಂಗಡಿಯ ಬಾಗಿಲಿಗೆ ರಟ್ಟಿನ ಬೋರ್ಡು ಬಂತು: ಕೂಲಿ ಹೆಂಗಸರಿಗೆ ಪ್ರವೇಶವಿಲ್ಲ. ಗುಡಿಸುವ ಕೆಲಸವೂ ಹೋಯಿತು. ಆ ಬೋರ್ಡಿನ ಕೆಳಗೆ ನನ್ನನ್ನು ಪುಸ್ತಕ ಕೊಟ್ಟು ಬರಲು ಚಿಗವ್ವ ಕಳಿಸಿದಳು. ನಾನು ಸಿಟ್ಟಾದೆ. “ಮಾತು ಕೊಟ್ಟೇನಿ. ಅವರು ಕುರ್ಚಿ ಕೊಟ್ಟಾರ ಹೌದಲ್ಲೋ? ಕೊಟ್ಟು ಬಾ” ಎಂದಳು. ಎರಡು ದಿನದ ನಂತರ ಪುಸ್ತಕ ಒಂದು ಮಾತೂ ಇಲ್ಲದೆ ಮರಳಿತು. ಮುಂದಿನ ವಾರ ಊರೆಲ್ಲ ಸುದ್ದಿ: ಅಂಗಡಿಯವರು ಬದು ಒಡೆದು ಊರು ಉಳಿಸುವ ಉಪಾಯ ಕಂಡುಹಿಡಿದರಂತೆ. ನನ್ನ ಪೆನ್ಸಿಲಿನ ಅಕ್ಷರವನ್ನು ಓದಿ ಕಂಡುಹಿಡಿದಿದ್ದರು.

ಚಿಗವ್ವನಿಗೆ ಹೇಳಿದೆ. ಆಕೆ ರಾಶಿಯಿಂದ ಕಣ್ಣೆತ್ತಲಿಲ್ಲ. “ಊರು ಉಳೀತಲ್ಲ ಬಿಡು” ಎಂದಳು. ಆ ಔದಾರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆ ಔದಾರ್ಯದ ಮರೆಯಲ್ಲಿ ಕಳ್ಳತನವನ್ನು ಮರೆಯಲು ಮಾತ್ರ ಒಪ್ಪುವುದಿಲ್ಲ. ಆಕೆ ಮತ್ತೆಂದೂ ಕಂಪ್ಯೂಟರಿನ ಮುಂದೆ ಕೂಡಲಿಲ್ಲ. ಪುಸ್ತಕವನ್ನು ಮಾತ್ರ ಸಾಯುವವರೆಗೆ ಇಟ್ಟುಕೊಂಡಿದ್ದಳು. ಕಡೆಯ ದಿನಗಳಲ್ಲಿ ಮೋಟೆಬೆನ್ನೂರಿನ ತವರಿನಲ್ಲಿ ತಮ್ಮನ ಮಕ್ಕಳಿಗೆ ನಕ್ಷೆ ತೋರಿಸಿ ಇಳಿಜಾರು ಓದಲು ಕಲಿಸುತ್ತಿದ್ದಳಂತೆ. ಆ ಪುಸ್ತಕ ಕೊಂಡದ್ದು ಸಾರ್ಥಕವೇ ಎಂಬ ಬಗ್ಗೆ ನನ್ನಲ್ಲಿ ಈಗ ಅನುಮಾನವಿಲ್ಲ. ಒಂದೇ ಒಂದು ತಾಸಿಗಾಗಿ ಮೂರು ವಾರ ತಯಾರಾದವಳಿಗೆ ಅದಕ್ಕಿಂತ ಸಾರ್ಥಕವಾದ ಖರೀದಿ ಇರಲಿಲ್ಲ.

ಆಕೆಯ ಮುಂದೆ ಕ್ಷಮೆ ಕೇಳಲು ನಾನು ತಡಮಾಡಿದೆ, ಇನ್ನು ಸಾಧ್ಯವಿಲ್ಲ. ಆದರೆ ಕಳೆದ ವಾರ ಊರಿಗೆ ಹೋದಾಗ, ಸಾರ್ವಜನಿಕರಿಗೆಂದು ಹೊಸದಾಗಿ ತೆರೆದ ಕಂಪ್ಯೂಟರ್ ಕೋಣೆಯನ್ನು ನೋಡಿದೆ. ತೆರೆದಿರುವ ಹೊತ್ತು ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಗೋದಾಮು ನಡೆಯುವ ಹೊತ್ತೂ ಅದೇ. ಬಾಗಿಲಿನ ನಿಯಮಗಳಲ್ಲಿ ಒಂದು: ಮೆಣಸಿನಕಾಯಿ ಕೆಲಸದವರು ಯಂತ್ರಗಳನ್ನು ಮುಟ್ಟಬಾರದು.

ಆ ಕೋಣೆಯನ್ನು ನಡೆಸುವ ಸಮಿತಿಯವರೇ, ಈ ಹಂಗಾಮಿನ ಮೊದಲ ಚೀಲ ಮಾರುಕಟ್ಟೆಗೆ ಇಳಿಯುವ ಮುನ್ನ ಆ ಸಾಲನ್ನು ಅಳಿಸಿರಿ. ಬಾಗಿಲ ಬಳಿ ಒಂದು ನಳ ಹಾಕಿಸಿ, ಎಣ್ಣೆ ಮತ್ತು ಸಾಬೂನು ಇಡಿರಿ. ಸಂಜೆ ಆರರಿಂದ ಎಂಟರವರೆಗೆ ಕೋಣೆಯನ್ನು ತೆರೆದಿಟ್ಟು, ತೊಟ್ಟು ಬಿಡಿಸುವ ಹೆಂಗಸರಿಗಾಗಿ ಎರಡು ಕುರ್ಚಿಗಳನ್ನು ಮೀಸಲಿಡಿರಿ. ಅವರು ಸೋತರೆ ಎಬ್ಬಿಸಬೇಡಿರಿ. ಮತ್ತೆ ಕೂಡಲು ಬಿಡಿರಿ.