ಮಾಣಿಕಮ್ಮ ಮಾತು ಕಲಿಸಲು ಹೋದದ್ದು

ಗುಂಡಗುರ್ತಿಯಲ್ಲಿ ಯಾರ ಮನೆಯ ಮಗ ಹೆಣ್ಣು ನೋಡಲು ಹೋಗಿ ನೆಲ ನೋಡಿಕೊಂಡು ಎದ್ದು ಬಂದರೂ, ಯಾರ ಮನೆಯ ಮಗಳು ಬೀಗರು ಬಂದ ದಿನ ಕಣಜದ ಹಿಂದೆ ಅಡಗಿ ಕೂತರೂ, ತಾಯಂದಿರು ಓಡಿ ಬರುತ್ತಿದ್ದದ್ದು ಮಾಣಿಕಮ್ಮನ ಕಟ್ಟೆಗೆ. ಚಿತ್ತಾಪುರಕ್ಕೆ ಕೊಟ್ಟ ಹೆಣ್ಣು ಅವಳು. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ತವರಿಗೆ ಬಂದು, ಅಣ್ಣನ ಮನೆಯ ಎದುರಿಗೇ ಒಂದು ಖೋಲಿ ಹಾಕಿಕೊಂಡು, ಎಮ್ಮೆ ಕಟ್ಟಿ ಹಾಲು ಮಾರಿಕೊಂಡು ಇದ್ದಳು. ಮೈಯೆಲ್ಲ ಬಾಯಿ. ನಿಜಾಮರ ತಹಸೀಲಿನಿಂದ ಜವಾನ ಬಂದು ದಿಮಾಕು ತೋರಿಸಿದರೆ ಅವನಿಗೂ ದಖನಿಯಲ್ಲೇ ತಿರುಗಿಸಿ ಕೊಡುವಳು. "ನಿನ್ನ ಮಗನ್ನ ನನ್ನ ಬಲ್ಲಿ ಕಳಸು. ಬಾಯಿಗೆ ಬಿದ್ದ ಕೀಲಿ ನಾ ತೆಗೀತೀನಿ" ಅನ್ನುವಳು, ತೆಗೆದೂ ತೋರಿಸುವಳು. ಸರ್ವರಬೇಗಂ ತನ್ನ ಮಗಳನ್ನು, ಒಬ್ಬ ಗೆಳತಿಯೂ ಇಲ್ಲದೆ ಮೂಲೆ ಹಿಡಿದು ಕೂರುತ್ತಿದ್ದ ಪೋರಿಯನ್ನು, ಇವಳ ಹತ್ತಿರ ಬಿಟ್ಟಿದ್ದಳು. ಈಗ ಅದೇ ಹುಡುಗಿ ಬಾವಿಗೆ ಹೋದರೆ ಹೊತ್ತು ಮುಳುಗಿದರೂ ತಿರುಗಿ ಬರುವುದಿಲ್ಲ ಅಂತ ತಾಯಿಯೇ ಬೈಯುತ್ತಿದ್ದಳು.

ಇಂಥ ಮಾಣಿಕಮ್ಮನ ಹೆಸರು ಕೆಡಿಸಲು ಹೊರಟವನು ಬೇರೆ ಯಾರೂ ಅಲ್ಲ, ಅವಳ ಅಣ್ಣನ ಮಗ ಖಂಡೆಪ್ಪ. ಆಳೆತ್ತರದ ಹುಡುಗ. ತಂದೆ ಸತ್ತ ಮೇಲೆ ಹೊಲವನ್ನೆಲ್ಲ ಒಬ್ಬನೇ ಮಾಡುತ್ತಿದ್ದ, ಕೆಲಸದಲ್ಲಿ ಒಂದು ತಪ್ಪು ಹಿಡಿಯುವ ಹಾಗಿರಲಿಲ್ಲ. ಆದರೆ ಮನುಷ್ಯರು ಎದುರಿಗೆ ಬಂದರೆ ಮಾತೇ ಹೊರಡುತ್ತಿರಲಿಲ್ಲ. ಓರಗೆಯ ಹುಡುಗರು ಗುಡಿಯ ಕಟ್ಟೆಯ ಮೇಲೆ ಹರಟೆ ಹೊಡೆಯುವಾಗ ಇವನು ದನದ ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ಮದುವೆಯಾದರೆ ಸರಿಹೋಗುತ್ತಾನೆ ಅಂತ ದಂಡೋತಿಯ ಪೀರಪ್ಪನ ಮಗಳು ಭೀಮಬಾಯಿಯನ್ನು ತಂದು ಗಂಟು ಹಾಕಿದರು. ಸರಿಹೋಗುತ್ತಾನಂತೆ! ಸರಿಹೋಗುವುದು ಅಷ್ಟು ಸಸಾರವಾಗಿದ್ದರೆ ಲೋಕದಲ್ಲಿ ಇನ್ನೇನು ಬೇಕಿತ್ತು?

ಆ ಸೀಮೆಯ ರಿವಾಜು ಹೀಗೆ: ಹಿರಿಯರ ಎದುರಿಗೆ ಗಂಡ ಹೆಂಡತಿಯನ್ನು ಮಾತಾಡಿಸಬಾರದು. ನೀರು ಬೇಕಾದರೆ ಕೆಮ್ಮಬೇಕು, ಅವಳು ತಿಳಿದುಕೊಂಡು ಚೆಂಬು ತಂದಿಡಬೇಕು. ಖಂಡೆಪ್ಪ ಕೆಮ್ಮುತ್ತಲೂ ಇರಲಿಲ್ಲ. ಅದನ್ನು ನೋಡಿ ಓಣಿಗೆ ಓಣಿಯೇ ಹೊಗಳಿತು. "ಎಂಥಾ ಮರ್ಯಾದಸ್ತ ಹುಡುಗರಿ! ಹಿರಿಯರ ಮುಂದ ಹೆಂಡ್ತಿ ಮಾರಿ ಸುದ್ದಾ ನೋಡಂಗಿಲ್ಲ" ಅಂದರು. ಮಾಣಿಕಮ್ಮನೂ ಅಂದಳು, ಎಲ್ಲರಿಗಿಂತ ಜೋರಾಗಿ ಅಂದಳು. ಹಿರಿಯರು ಮಲಗಿದ ಮೇಲೂ, ಹೊಲದಲ್ಲಿ ಇಬ್ಬರೇ ಇದ್ದಾಗಲೂ ಅವನು ಬಾಯಿ ಬಿಡುವುದಿಲ್ಲ ಅನ್ನುವುದು ಭೀಮಬಾಯಿ ಒಬ್ಬಳಿಗೇ ಗೊತ್ತಿತ್ತು. ಹೊಸ ಸೊಸೆ ಯಾರ ಮುಂದೆ ಹೇಳಿಕೊಂಡಾಳು? ಪಂಚಮಿಗೆ ತವರಿಗೆ ಹೋದವಳು ತಿರುಗಿ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಪೀರಪ್ಪ ಹೇಳಿಕಳಿಸಿದ. ಮಗಳು ಗಂಡನ ಮನೆಗೆ ಬರುವುದಿಲ್ಲ ಅನ್ನುತ್ತಾಳೆ. ಗಂಡ ಇಷ್ಟು ದಿನಕ್ಕೆ ಒಂದು ಮಾತೂ ಆಡಿಲ್ಲವಂತೆ. ಎಳ್ಳಮಾವಾಸ್ಯೆಯ ಒಳಗೆ ಅವನೇ ಬಂದು, ತನ್ನ ಬಾಯಿಂದ ಕರೆದರೆ ಕಳಿಸುತ್ತೇವೆ. ಇಲ್ಲದಿದ್ದರೆ ನಾಲ್ಕು ಮಂದಿಯನ್ನು ಕೂಡಿಸಿ ಬಿಡಿಸಿಕೊಂಡು, ಬೇರೆ ಕಡೆ ಉಡಿಕಿ ಮಾಡಿ ಕೊಡುತ್ತೇವೆ. ಉಡಿಕಿ ಅಂದರೆ ಎರಡನೆಯ ಮದುವೆ. ಅವರ ಜಾತಿಯಲ್ಲಿ ಅದು ನಡೆಯುತ್ತಿತ್ತು, ಪೀರಪ್ಪ ಬರೀ ಹೆದರಿಸಲು ಹೇಳುವ ಮನುಷ್ಯನೂ ಅಲ್ಲ.

ಖಂಡೆಪ್ಪನ ತಾಯಿ ಮಹಾದೇವಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಮಾಣಿಕವ್ವಾ, ಊರ ಮಂದಿ ಮಕ್ಕಳಿಗೆಲ್ಲಾ ಮಾತು ಕಲಿಸಿದಿ. ನಿಮ್ಮಣ್ಣನ ಮಗಗ ಕಲಿಸಲಿಲ್ಲಲ್ಲ."

ಈ ಮಾತು ಮಾಣಿಕಮ್ಮನ ಎದೆಗೆ ನಾಟಿತು. "ಅಳಬ್ಯಾಡ ವೈನಿ. ಎಳ್ಳಮಾಸಿಗೆ ನಿನ್ನ ಸೊಸಿ ಇದೇ ಮನಿಯಾಗ ಹಬ್ಬದ ಭಜ್ಜಿಪಲ್ಯ ಮಾಡತಾಳ. ನಾ ಅದೀನಿಲ್ಲ?" ಅಂದು ಅಂದಿನಿಂದಲೇ ಹುಡುಗನ ಬೆನ್ನು ಹತ್ತಿದಳು.

ಮೊದಲು ಹಾಜಿಸಾಬನ ಕಿರಾಣಿ ಅಂಗಡಿಗೆ ಕರೆದುಕೊಂಡು ಹೋದಳು. ಬೆಲ್ಲ ಕೇಳಬೇಕು, ಹೇಗಿದ್ದೀರಿ ಅನ್ನಬೇಕು, ಅಷ್ಟೇ. ಹಾಜಿಸಾಬ ಒಳ್ಳೆಯ ಮುದುಕ. ತಕ್ಕಡಿ ಕೆಳಗಿಟ್ಟು, "ಏನಪಾ ಖಂಡೆಪ್ಪ, ಏನು ಕೊಡ್ಲಿ?" ಅಂದ. ಖಂಡೆಪ್ಪ ತಕ್ಕಡಿ ನೋಡಿದ. ತೂಕದ ಕಲ್ಲು ನೋಡಿದ. ಅವನ ತುಟಿ ಅಲುಗಿದ್ದನ್ನು ಕಂಡು ಹಾಜಿಸಾಬ ಕಾದ. ಆದರೆ ಮಾಣಿಕಮ್ಮನಿಂದ ಕಾಯಲಾಗಲಿಲ್ಲ. "ಬೆಲ್ಲ ಕೊಡ್ರಿ ಹಾಜಿಸಾಬ, ಕರಿದು ಬ್ಯಾಡ. ಆರಾಮ ಇದ್ದೀರಿಲ್ಲ?" ಅಂದುಬಿಟ್ಟಳು. ಹೊರಗೆ ಬಂದು ಹುಡುಗನ ತೋಳು ಹಿಡಿದು ಅಲುಗಾಡಿಸಿದಳು.

"ಭಾಡ್ಯಾ, ಬೆಲ್ಲ ಅನ್ಲಿಕ್ಕೆ ಏನಾಗಿತ್ತು ನಿನಗ? ಬಾಯಾಗ ಏನ್ ಇಟಗೊಂಡಿದ್ದಿ?"

ಖಂಡೆಪ್ಪ ಬೆಲ್ಲದ ಪುಡಿಕೆ ಹಿಡಿದುಕೊಂಡು ಮನೆಯ ಕಡೆ ನಡೆದ.

ಮರುವಾರ ಕಾಳಗಿಯ ಸಂತೆಯಲ್ಲಿ ಹಗ್ಗ ಕೊಳ್ಳಲು ಅವನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತಳು. ಅಲ್ಲಿಯೂ ಅದೇ ಹಾಡು. ವ್ಯಾಪಾರಿ ಕೇಳುವುದು, ಇವನು ಕಣ್ಣು ಪಿಳಿಪಿಳಿ ಬಿಡುವುದು, ಇವಳು ನುಗ್ಗಿ ಚೌಕಾಸಿ ಮಾಡಿ ಹಗ್ಗ ತರುವುದು. ಹಗ್ಗವೇನೋ ಸಸ್ತಾ ಸಿಕ್ಕಿತು. ಗುಡಿಯ ಕಟ್ಟೆಗೆ ಕಳಿಸಿ, "ನಾಕು ಹುಡುಗರ ಜೋಡಿ ಕೂತು ಬಾ" ಅಂದರೆ ಕೂತು ಬಂದ. ಏನು ಮಾತಾಡಿದೆ ಅಂದರೆ ತಲೆ ಅಲ್ಲಾಡಿಸಿದ. ಯವ್ವಾ, ಇವನನ್ನು ತಗೊಂಡು ಏನು ಮಾಡುವುದು! ಮಾಣಿಕಮ್ಮನಿಗೆ ಒಮ್ಮೊಮ್ಮೆ ಅವನ ಬೆನ್ನಿಗೆ ನಾಲ್ಕು ಬಾರಿಸಬೇಕು ಅನ್ನಿಸುತ್ತಿತ್ತು. ಒಮ್ಮೊಮ್ಮೆ ಅವನ ಮುಖ ನೋಡಿ ಮರುಕ ಬರುತ್ತಿತ್ತು. ಮರುಕ ಬಂದಷ್ಟೂ ಸಿಟ್ಟು ಏರುತ್ತಿತ್ತು.

ಇದರ ಮೇಲೆ ಒಡಪಿನ ಕಾಟ ಬೇರೆ. ಅಳಿಯ ಮಾವನ ಮನೆಗೆ ಬಂದರೆ ಓಣಿಯ ಹೆಂಗಸರು ಬಾಗಿಲು ತಡೆದು ನಿಲ್ಲುತ್ತಾರೆ. ಹೆಂಡತಿಯ ಹೆಸರನ್ನು ಪದ್ಯದಲ್ಲಿ ಸೇರಿಸಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ವರ್ಷದಲ್ಲಿ ಹೆಂಡತಿಯ ಹೆಸರು ಬಾಯಲ್ಲಿ ಬರುವುದು ಆಗ ಮಾತ್ರ. ಮಾಣಿಕಮ್ಮ ತಾನೇ ಒಂದು ಒಡಪು ಕಟ್ಟಿದಳು:

"ಕಾಗಿಣಾ ಹೊಳಿ ನೀರು ಕಲ್ಲಿಗಿ ಬಡದು ನಗತಾವ,
ದಂಡೋತಿ ಹೊಲದಾಗ ಕುಸುಬಿ ಹೂವು ಬಿರಿತಾವ,
ಭೀಮಬಾಯಿ ಹೆಸರು ಹೇಳೀನಿ, ಬಾಗಿಲಾ ಬಿಡ್ರೆವ್ವಾ."

ಹಾಲು ಕರೆಯುವಾಗ, ಬುತ್ತಿ ಕಟ್ಟುವಾಗ, ಹೊಲದ ದಾರಿಯಲ್ಲಿ, ಅವನು ಊಟಕ್ಕೆ ಕೂತಾಗ, ಇವಳು ಇದನ್ನೇ ಹೇಳಿದಳು. ಮಹಾದೇವಮ್ಮನಿಗೆ ಬಾಯಿಪಾಠವಾಯಿತು. ಪಕ್ಕದ ಮನೆಯವರಿಗೆ ಬಾಯಿಪಾಠವಾಯಿತು. ಖಂಡೆಪ್ಪ ಮಾತ್ರ "ಕಾಗಿಣಾ" ಅಂತ ನಿಲ್ಲುತ್ತಿದ್ದ. ಒಂದು ದಿನ ಇವಳು ಕೊಟ್ಟಿಗೆಯ ಹೊರಗೆ ನಿಂತಾಗ ಒಳಗೆ ಅವನು ಎತ್ತಿನ ಜೊತೆ ಮಾತಾಡುತ್ತಿದ್ದದ್ದು ಕೇಳಿಸಿತು. ಕಾಲಿಗೆ ಮುಳ್ಳು ಚುಚ್ಚಿದೆಯಾ, ನಾಳೆ ದೂರ ಹೋಗುವುದಿಲ್ಲ, ಮಲಗು ಅಂತ, ನೀರು ಕುಡಿದಷ್ಟು ಸಲೀಸಾಗಿ. ಮಾಣಿಕಮ್ಮನಿಗೆ ಸಂತೋಷವಾಗುವ ಬದಲು ಮೈ ಉರಿಯಿತು. ಎತ್ತಿಗೆ ಬರುವ ಮಾತು ಹೆಂಡತಿಗೆ ಯಾಕೆ ಬರುವುದಿಲ್ಲ? ಬಾಗಿಲಲ್ಲಿ ನುಗ್ಗಿ ಇದನ್ನೇ ಕೇಳಿದಳು. ಅವನು ಮತ್ತೆ ಮೂಗನಾದ.

ಎಳ್ಳಮಾವಾಸ್ಯೆ ಹತ್ತಿರ ಬಂತು. ಇನ್ನು ಕಾಯುವ ಹಾಗಿಲ್ಲ ಅಂತ ಮಾಣಿಕಮ್ಮ ಗಾಡಿ ಕಟ್ಟಿಸಿದಳು. ಮಹಾದೇವಮ್ಮನಿಗೆ ಮೈಯಲ್ಲಿ ಸರಿಯಿರಲಿಲ್ಲ, ಸೋದರತ್ತೆ, ಸೋದರಳಿಯ ಇಬ್ಬರೇ ಹೊರಟರು. ದಂಡೋತಿ ಮುಟ್ಟುವ ತನಕ ಅವಳು ಹೇಳುತ್ತಲೇ ಇದ್ದಳು: ಹೀಗೆ ಕೂಡು, ಹೀಗೆ ಕೈ ಮುಗಿ, ಮಾವ ಕೇಳಿದರೆ ಹೀಗೆ ಹೇಳು. ಖಂಡೆಪ್ಪ ಎತ್ತಿನ ಬೆನ್ನು ನೋಡಿಕೊಂಡು ಗಾಡಿ ಹೊಡೆದ.

ಪೀರಪ್ಪನ ಮನೆಗೆ ಸುದ್ದಿ ಆಗಲೇ ಮುಟ್ಟಿತ್ತು. ಓಣಿಯ ಹೆಂಗಸರೆಲ್ಲ ಕೂಡಿ ಹೊಸ್ತಿಲಿಗೆ ಅಡ್ಡ ನಿಂತಿದ್ದರು. "ಹೆಸರು ಹೇಳಿ ಒಳಗ ಬರ್ರಿ ಅಳಿಯಾವರೆ!" ಅಂದಳು ಒಬ್ಬಳು.

ಖಂಡೆಪ್ಪನ ಹಣೆಯಲ್ಲಿ ಬೆವರು ಬಂತು. "ಕಾಗಿಣಾ..." ಅಂದ. ನಿಂತ. ಮಾಣಿಕಮ್ಮ ಬೆನ್ನ ಹಿಂದಿನಿಂದ, "ಹೊಳಿ ನೀರು, ಹೊಳಿ ನೀರು" ಅಂತ ಪಿಸುಗುಟ್ಟಿದಳು. ಅವಳ ಪಿಸುಮಾತು ಅಂದರೆ ಮೂರನೆಯ ಮನೆಗೆ ಕೇಳುವಂಥದ್ದು. ಹೆಂಗಸರು ನಕ್ಕರು. ಆ ನಗು ಕೇಳಿ ತಡೆಯಲಾರದೆ ಮಾಣಿಕಮ್ಮ ಇಡೀ ಒಡಪನ್ನು ತಾನೇ ಗಡಗಡನೆ ಹೇಳಿ ಮುಗಿಸಿದಳು.

"ಅಯ್ಯ, ಭೀಮಬಾಯಿ ಗಂಡ ಸೀರಿ ಉಟಗೊಂಡು ಬಂದಾನಲ್ಲೇ!" ಅಂದಳು ಒಬ್ಬ ಮುದುಕಿ. ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಬಾಗಿಲೇನೋ ಬಿಟ್ಟರು. ಮಾಣಿಕಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲ ಈ ಖೋಡಿಯ ದೆಸೆಯಿಂದ!

ಪೀರಪ್ಪ ಪಡಸಾಲೆಯಲ್ಲಿ ಕಂಬಳಿ ಹಾಸಿ, "ಬರ್ರಿ, ಕುಂದ್ರಿ" ಅಂದ. ಓಣಿಯ ಹಿರಿಯರು ಕೂತಿದ್ದರು. ಭೀಮಬಾಯಿ ಒಳಬಾಗಿಲ ಹಿಂದೆ ನಿಂತದ್ದು ಸೀರೆಯ ಅಂಚಿನಿಂದ ತಿಳಿಯುತ್ತಿತ್ತು. ಪೀರಪ್ಪ ಅಳಿಯನ ಕಡೆ ತಿರುಗಿ, "ಯಾಕ ಬಂದ್ರಿ ಖಂಡೆಪ್ಪ?" ಅಂದ.

"ಹೆಂಡ್ತಿನ್ನ ಕರ್ಕೊಂಡು ಹೋಗ್ಲಿಕ್ಕೆ ಬಂದಾನರಿ" ಅಂದಳು ಮಾಣಿಕಮ್ಮ.

"ಮಗಳ ಜೋಡಿ ಯಾಕ ಮಾತಾಡಲಿಲ್ಲ ಇಷ್ಟು ದಿನ?"

"ಅವನ ಸ್ವಭಾವಾನೇ ಹಂಗರಿ. ಮನಸು ಬೆಣ್ಣಿ ಅದ."

"ಮಾಣಿಕಮ್ಮ, ನಾ ನಿಮ್ಮನ್ನ ಕೇಳಿಲ್ಲ."

"ಅಂವ ಹೇಳಂಗಿಲ್ಲಲ್ಲರಿ! ಯಾರರೇ ಹೇಳಬೇಕಲ್ಲ!" ಅಂದಳು ಮಾಣಿಕಮ್ಮ, ಅಳು ಬರುವಂತಾಗಿ.

ಆಗ ಒಳಬಾಗಿಲ ಹಿಂದಿನಿಂದ ಭೀಮಬಾಯಿಯೇ ಮಾತಾಡಿದಳು. ಹಿರಿಯರ ಎದುರಿಗೆ, ಗಂಡನಿಗೆ. ಕೂತವರೆಲ್ಲ ತಲೆ ಎತ್ತಿದರು. "ಒಡಪು ಬ್ಯಾಡ, ಕಲಿಸಿದ್ದೂ ಬ್ಯಾಡರಿ. ನಾ ಬಂದರ ನಿಮಗ ಬೇಕೇನು, ಬ್ಯಾಡೇನು, ಅಷ್ಟು ಹೇಳ್ರಿ. ಬ್ಯಾಡ ಅಂದರ ಸಿಟ್ಟಿಲ್ಲ."

ಖಂಡೆಪ್ಪ ಕಂಬಳಿಯ ಎಳೆ ಹಿಂಜುತ್ತಿದ್ದ. ಹಿರಿಯರೊಬ್ಬರು ಎಲೆ-ಅಡಿಕೆಯ ಚಂಚಿ ಬಿಚ್ಚಿದರು, ಮತ್ತೆ ಕಟ್ಟಿದರು. ಪೀರಪ್ಪ ಮೇಲೇಳಲು ಮೊಣಕಾಲ ಮೇಲೆ ಕೈ ಊರಿದ. ಹೋಯಿತು, ಎಲ್ಲ ಹೋಯಿತು ಅಂತ ಮಾಣಿಕಮ್ಮನ ಎದೆ ಒಡೆಯಿತು.

"ಬೇಕವ್ವಾ ತಾಯಿ, ಬೇಕು!" ಅಂದಳು ಕೂಗಿದ ಹಾಗೆ. "ನೀ ಹೋದಾಗಿಂದ ಅಂವ ಊಟ ಬಿಟ್ಟಾನ, ನಿದ್ದಿ ಬಿಟ್ಟಾನ, ರಾತ್ರಿ ಎಲ್ಲಾ ನಿನ್ನ ಹೆಸರೇ..."

"ಅತ್ತಿ, ನೀ ಸುಮ್ಕೂಡು."

ಮಾತಾಡಿದ್ದು ಖಂಡೆಪ್ಪ. ದನಿ ದಪ್ಪವಾಗಿತ್ತು, ಅಂಗಳದಲ್ಲಿ ನಿಂತವರಿಗೂ ಕೇಳಿಸಿತು. ಮಾಣಿಕಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

"ಊಟ ಬಿಟ್ಟಿಲ್ಲ" ಅಂದ ಖಂಡೆಪ್ಪ, ನೆಲ ನೋಡಿಕೊಂಡೇ. "ಊಟ ಮಾಡತೀನಿ. ನಾ ಉಣ್ಣುವಾಗ ನೀ ಬಾಗಿಲ್ದಾಗ ನಿಂದರತಿದ್ದಿ. ಈಗ ಯಾರೂ ಇಲ್ಲ." ಕಂಬಳಿಯ ಇನ್ನೊಂದು ಎಳೆ ಹಿಂಜಿದ. "ನನಗ ಮಾತು ತಡಾ ಆಗಿ ಬರತಾವ. ಬರೋದ್ರಾಗ ಅತ್ತಿ ಹೇಳಿಬಿಡತಾಳ, ಇಲ್ಲಾ ಮಂದಿ ಎದ್ದು ಹೋಗತಾರ. ನೀ ಬೇಕು. ಬಾ."

ಪೀರಪ್ಪ ಊರಿದ ಕೈ ತೆಗೆದು ಮತ್ತೆ ಕೂತ. ಒಳಬಾಗಿಲಲ್ಲಿ ಸೀರೆಯ ಅಂಚು ಕಾಣದಾಯಿತು. ಸ್ವಲ್ಪ ಹೊತ್ತಿಗೆ ಭೀಮಬಾಯಿ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದಳು.

ಮಾಣಿಕಮ್ಮನಿಗೆ ಕುಣಿಯಬೇಕಿತ್ತು. ಅದರ ಬದಲು ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಕೂತಳು. ಊರೂರು ತಿರುಗಿ, ನಾಲಿಗೆ ಸವೆಸಿ, ನಗೆಪಾಟಲಾಗಿ ಮಾತು ಕಲಿಸಿದ ಹುಡುಗ ಹತ್ತು ಮಂದಿಯ ಮುಂದೆ ಆಡಿದ ಮೊದಲ ಮಾತು ಇದೇ ಏನು? ಅದೂ ಇವಳಿಗೇ? ಸಿಟ್ಟು ಬಂತು, ಅವಮಾನವಾಯಿತು. ಅವನು ಹೇಳಿದ್ದು ಖರೇ ಅಂತ ಒಳಗೆ ತಿಳಿದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಬೀಗರು ಬಡಿಸಿದ ಊಟವನ್ನು ಮಾತಿಲ್ಲದೆ ಉಂಡಳು. ಮಾಣಿಕಮ್ಮ ಮಾತಿಲ್ಲದೆ ಉಂಡದ್ದನ್ನು ಗುಂಡಗುರ್ತಿಯವರು ಯಾರೂ ನಂಬುತ್ತಿರಲಿಲ್ಲ.

ಇಳಿಹೊತ್ತಿಗೆ ಗಾಡಿ ಹೊರಟಿತು. ಖಂಡೆಪ್ಪ ಮುಂದೆ ಹಗ್ಗ ಹಿಡಿದು ಕೂತ, ಅವನ ಬೆನ್ನಿಗೆ ಭೀಮಬಾಯಿ. ಮಾಣಿಕಮ್ಮ ಹಿಂದಿನ ತುದಿಯಲ್ಲಿ ಇಬ್ಬರಿಗೂ ಬೆನ್ನು ಕೊಟ್ಟು ಕಾಲು ಇಳಿಬಿಟ್ಟು ಕೂತಳು. ಊರು ದಾಟಿದ ಮೇಲೆ ಭೀಮಬಾಯಿ ಮೆಲ್ಲಗೆ ಕೇಳಿದಳು, "ನಮ್ಮ ಹೊಲದಾಗ ಜ್ವಾಳ ಹೆಂಗ ಬಂದಾವರಿ?"

ಖಂಡೆಪ್ಪ ಹೊಲದ ಕಡೆ ತಿರುಗಿ ನೋಡಿದ. ಗಾಡಿ ಒಂದು ಹೊಲ ದಾಟಿತು. ಮಾಣಿಕಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಜೋಳ ಆಳೆತ್ತರ ಬಂದಿದೆ, ತೆನೆ ತುಂಬಿದೆ, ಕೆರೆಯ ಕಡೆಯ ಪಟ್ಟಿಯಲ್ಲಿ ಮಾತ್ರ ಹುಳ ಸುಳಿ ತಿಂದಿದೆ, ಕಡಲೆಗೆ ಹೂವಾಗಿದೆ! ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಸೆರಗಿನ ತುದಿ ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಗಾಡಿ ಇನ್ನೊಂದು ಹೊಲ ದಾಟಿತು, ಹಳ್ಳಕ್ಕೆ ಇಳಿದು ಏರಿತು. ಹೇಳೋ ಭಾಡ್ಯಾ, ಹೇಳೋ, ಆ ಹುಡುಗಿ ಕಾಯುತ್ತಿದೆ! ಭೀಮಬಾಯಿ ಕಾಯುತ್ತಲೇ ಇದ್ದಳು, ಮತ್ತೆ ಕೇಳಲಿಲ್ಲ.

"ಚೊಲೊ ಬಂದಾವ" ಅಂದ ಖಂಡೆಪ್ಪ ಕೊನೆಗೆ.

ಅಷ್ಟೇ. ತೆನೆಯ ಮಾತಿಲ್ಲ, ಕಡಲೆಯ ಮಾತಿಲ್ಲ! ಮಾಣಿಕಮ್ಮ ಸೆರಗನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು.