ಹಾಲಿನ ವಿಷಯ ಕೇಳಿದ್ದಕ್ಕೆ ರಿಪೇರಿ ಕೊಟ್ಟ ಉತ್ತರ

ಬರ್ಕೊಂಡ್ಯಾ ಪುಟ್ಟಿ? ಆಮೇಲೆ ಏನಂದೆ ಅಂತ ನನ್ನನ್ನೇ ಕೇಳಬೇಡ, ಅಷ್ಟರಲ್ಲಿ ನನಗೂ ಮರೆತಿರುತ್ತೆ. ಹಾಂ, ನಮ್ಮ ಕೆಳಗಿನ ಅಂಗಡಿಯವಳ ವಿಷಯ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲ ಸರಿ ಮಾಡ್ತಾಳಲ್ಲ, ಅದಕ್ಕೇ ಬೀದಿಯವರೆಲ್ಲ ಅವಳನ್ನ ರಿಪೇರಿ ಅಂತಲೇ ಕರೆಯೋದು. ಅವಳೂ ಓ ಅಂತಾಳೆ.

ಎಂಥಾ ಮಾತಿನ ಮಲ್ಲಿ ಗೊತ್ತಾ! ಒಂದು ಮಿಕ್ಸಿ ಕೊಟ್ಟರೆ ಸಾಕು, ಯಾವಾಗ ನಿಂತಿತು, ಸುಟ್ಟ ವಾಸನೆ ಬಂತಾ, ಏನು ರುಬ್ಬುತ್ತಿದ್ರಿ ಅಂತ ಪೊಲೀಸರ ಥರ ವಿಚಾರಣೆ. ನಿಮ್ಮ ತಾತ ಒಂದ್ಸಲ ಮುಚ್ಚಳ ಹಾಕದೇ ಸ್ವಿಚ್ ಒತ್ತಿ, ಅಡುಗೆಮನೆ ಗೋಡೆಗೆಲ್ಲ... ಇರಲಿ, ಅದು ಬೇರೆ ಕಥೆ.

ಅವಳಿಗೆ ಗಂಡು ಮಗು ಆಯ್ತು. ಗಂಡ ಬಸ್ಸು ಓಡಿಸೋನು, ಬೆಳಗ್ಗೆ ಹೋದರೆ ಸಂಜೆ. ಮನೇಲಿ ಅತ್ತೆ ಇದ್ದರು. ಅಂಗಡಿ ಹಿಂದಿನ ಕೋಣೆಗೆ ಮಗು ನೋಡೋಕೆ ಬಂದವರೆಲ್ಲ ಕೇಳೋದು ಒಂದೇ, "ಹಾಲು ಸಾಕಾಗುತ್ತಾ?" ಅವಳು, "ಸಾಕಾಗಿದೆ." ಮಗು ನೋಡಿದ್ರೆ ಗುಂಡುಗುಂಡಗೆ. ಎಲ್ಲರಿಗೂ ಸಮಾಧಾನ.

ನನಗೆ ಮಾತ್ರ ತಲೆಗೆ ಹುಳ ಬಿಟ್ಟ ಹಾಗಾಯ್ತು. ಆ ಬಾಯಿಗೆ ಒಂದೇ ಪದ ಹೇಗೆ ಸಾಲುತ್ತೆ? ವಾರಗಟ್ಟಲೆ ಅದನ್ನೇ ಹೇಳ್ತಿದ್ದಾಳಲ್ಲ? ಒಂದು ಮಧ್ಯಾಹ್ನ ಹೋಗಿ ಪಕ್ಕದಲ್ಲೇ ಕೂತೆ.

"ನಿದ್ದೆ ಮಾಡ್ತೀಯೇನಮ್ಮ?"

"ಸಾಕಾಗಿದೆ ಅಜ್ಜಿ."

ಕಣ್ಣು ನೋಡಿದ್ರೆ ನಿದ್ದೆ ಕಂಡ ಕಣ್ಣಲ್ಲ.

"ಮಗ ಯಾರ ಥರ ಇದ್ದಾನೆ?"

"ಸಾಕಾಗಿದೆ."

ಅತ್ತೆ ಗೊಳ್ಳಂತ ನಕ್ಕರು. "ನೋಡಿ, ಹೆತ್ತ ಮೇಲೆ ಇವಳ ಕಿವಿನೂ ಹೋಯ್ತು!"

ನನಗೆ ನಗು ಬರಲಿಲ್ಲ. "ಹಾಲು ಸಾಕಾಗಿದೆಯೋ, ನಿನಗೇ ಸಾಕಾಗಿದೆಯೋ?" ಅಂದೆ.

ಮಗುವಿನ ಬಟ್ಟೆ ಮಡಚುತ್ತಿದ್ದ ಕೈ ನಿಂತುಬಿಡ್ತು.

"ನನಗೇ," ಅಂದಳು. "ಇವನನ್ನ ಎತ್ಕೊಂಡ್ರೆ ಯಾರದೋ ಮಗು ಎತ್ಕೊಂಡ ಹಾಗಿರುತ್ತೆ ಅಜ್ಜಿ. ಇವನು ಮಲಗಿದ್ರೂ ನನಗೆ ನಿದ್ದೆ ಇಲ್ಲ. ನಾನಿಲ್ಲದೇ ಹೋದ್ರೇ ಇವನಿಗೆ ಒಳ್ಳೇದೇನೋ ಅನ್ಸುತ್ತೆ."

ಅತ್ತೆ, "ನಾವೂ ಹೆತ್ತಿದ್ದೀವಪ್ಪ, ನಾವೇನು..." ಅಂತ ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಸೊಸೆ ಪಕ್ಕ ಕೂತು, "ಇಷ್ಟು ದಿನ ಇದನ್ನ ಒಬ್ಬಳೇ ಹೊತ್ಕೊಂಡಿದ್ಯಾ?" ಅಂದರು. ಆಗ ಅವಳು ಅತ್ತಳು.

ಅವತ್ತೇ ಆಸ್ಪತ್ರೆಗೆ ಹೋದ್ವಿ. ಅವಳನ್ನ ಒಬ್ಬಳನ್ನೇ ಬಿಡಲಿಲ್ಲ. ಡಾಕ್ಟರ್ ಚಿಕ್ಕ ಹುಡುಗಿ, ನಿನ್ನ ಹಾಗೇ ಅವಳೂ ಕೂದಲು ಕಟ್ಟೋದಿಲ್ಲ. ನಾನು ಸುಮ್ಮನಿರ್ತೀನಾ? "ಇಷ್ಟು ಮುದ್ದಾದ ಮಗು ಇಟ್ಕೊಂಡು ಯಾಕಮ್ಮ ಹೀಗೆ?" ಅಂತ ಕೇಳಿಯೇಬಿಟ್ಟೆ.

"ಕಾಲು ಮುರಿದವರಿಗೆ ರಸ್ತೆ ಚೆನ್ನಾಗಿದೆಯಲ್ಲ, ನಡೀರಿ ಅಂತೀರಾ ಅಜ್ಜಿ?" ಅಂದಳು.

ಬಾಣಂತಿಯರಿಗೆ ಮೊದಲ ಕೆಲವು ದಿನ ಸುಮ್ಮನೇ ಅಳು ಬರೋದು ಉಂಟಂತೆ, ತಾನಾಗೇ ಹೋಗುತ್ತಂತೆ. ಹೋಗದೇ ವಾರಗಟ್ಟಲೆ ಕೂತರೆ ಅದು ಖಿನ್ನತೆ. ಮಹಾಪ್ರಾಣ ಹಾಕು, ದೊಡ್ಡ ಖ. ಅದು ಕಾಯಿಲೆ, ಸೋಮಾರಿತನ ಅಲ್ಲ, ಪ್ರೀತಿ ಇಲ್ಲ ಅಂತಲೂ ಅಲ್ಲ. ಹಾಲು ಕುಡಿಸೋರು ತಗೋಬಹುದಾದ ಮಾತ್ರೆಗಳೂ ಇವೆಯಂತೆ. ಕೂತು ಮಾತಾಡೋದೂ ಔಷಧಿಯೇ ಅಂತೆ. ಅದು ನನಗೆ ಬಹಳ ಹಿಡಿಸ್ತು, ಹಾಗಾದ್ರೆ ನಾನೂ ಅರ್ಧ ಡಾಕ್ಟರ್! ಸಾಯೋ ಯೋಚನೆ ಬರುತ್ತಾ ಅಂತ ಡಾಕ್ಟರ್ ಅವಳನ್ನ ನೇರವಾಗೇ ಕೇಳಿದಳು. ಕೇಳಿದ್ರೆ ಹೆಚ್ಚಾಗೋದಿಲ್ವಂತೆ, ಕೇಳಬೇಕಂತೆ. ಅಂಥ ಯೋಚನೆ ಬಂದ್ರೆ ಮುಂದಿನ ಸಲದ ತಾರೀಖಿಗೆ ಕಾಯದೇ ತಕ್ಷಣ ಬನ್ನಿ ಅಂದಳು.

ಈಗ ಪೂರ್ತಿ ವಾಸಿ ಅಂತ ಹೇಳಲಾರೆ. ಕೆಲವು ದಿನ ತುಟಿ ಬಿಚ್ಚಲ್ಲ. ಆದ್ರೆ ನಿನ್ನೆ ಮಗನ ಮುಖಾನೇ ನೋಡ್ತಾ, "ಅಜ್ಜಿ, ಇವನು ನಗ್ತಿದ್ದಾನಾ, ಇಲ್ಲಾ ಹೊಟ್ಟೇಲಿ ಗ್ಯಾಸಾ?" ಅಂತ ಕೇಳಿದಳು. ಅವಳಾಗೇ ಕೇಳಿದ್ದು ಕಣೇ!

ಸಾಕು, ಪೆನ್ನು ಇಡು. ಇವತ್ತು ಅವಳು ಮತ್ತೆ ಡಾಕ್ಟರ ಹತ್ರ ಹೋಗಬೇಕು, ಗಂಡನಿಗೆ ರಜೆ ಸಿಕ್ಕಿಲ್ಲ, ಅತ್ತೆಗೆ ಮಂಡಿನೋವು. ನೀನು ಜೊತೆಗೆ ಹೋಗು. ಅವಳು ಒಳಗೆ ಮಾತಾಡೋವಾಗ ಹೊರಗಿನ ಬೆಂಚಿನ ಮೇಲೆ ಮಗು ಹಿಡ್ಕೊಂಡು ಕೂತ್ಕೋ. ಎಷ್ಟು ಹೊತ್ತಾದ್ರೂ ಬಾಗಿಲಲ್ಲಿ ಇಣುಕಬೇಡ. ಒಣಗಿದ ಬಟ್ಟೆ ಎರಡು ಚೀಲಕ್ಕೆ ಹಾಕ್ಕೋ, ಅವನು ನಿನ್ನನ್ನ ನೆನೆಸದೇ ಬಿಡಲ್ಲ. ಎದ್ದೇಳು, ಕೆಳಗೆ ಬಾಗಿಲು ಹಾಕೋ ಸದ್ದಾಯ್ತು.